ಕೆಂಪು ಪಟ್ಟಿಯ ಕ್ಯಾನು

9 ಜೂನ್ 1977

ಅಕ್ಕ,

ಕೆಲಸ ಸಿಕ್ಕಿತು. ಇನ್ನೂ ಕಾಯಂ ಆಗಿಲ್ಲ, ಆಗುತ್ತದಂತೆ. ಹಾಲು ಇಳಿಸುವ ಕಟ್ಟೆಯ ಮೇಲೆ ನಿಲ್ಲುವ ಕೆಲಸ. ಬೆಳಗಾದರೆ ಸುತ್ತಲ ಊರುಗಳ ಸಂಘಗಳಿಂದ ಲಾರಿಗಳು ಬರುತ್ತವೆ. ಕ್ಯಾನು ಎಳೆಯುವುದು, ಮುಚ್ಚಳ ತೆಗೆಯುವುದು, ಮೂಸುವುದು. ನಗಬೇಡ, ಮೂಸುವುದಕ್ಕೇ ಸಂಬಳ. ಕ್ಯಾನಿನೊಳಗೆ ಮೂಗು ಹಾಕಬಾರದು, ಮುಚ್ಚಳದ ಒಳಮೈಗೆ ಹಿಡಿಯಬೇಕು. ಹಾಲಿನ ಗುಟ್ಟೆಲ್ಲ ಮೊದಲು ಅಲ್ಲಿ ಹತ್ತಿ ಕೂತಿರುತ್ತದೆ. ಹುಳಿ ತಿರುಗಿದ್ದರೆ ಪಕ್ಕಕ್ಕೆ, ಸರಿಯಿದ್ದರೆ ದೊಡ್ಡ ತೊಟ್ಟಿಗೆ. ಒಂದು ಕ್ಯಾನಿಗೆ ಎರಡು ಉಸಿರಿನ ಹೊತ್ತು, ಅಷ್ಟೆ. ಮೇಸ್ತ್ರಿ ನನಗೆ ‘ನಾಯಿಮೂಗ’ ಎಂದು ಹೆಸರಿಟ್ಟಿದ್ದಾನೆ. ಬೈಗುಳವೋ ಬಿರುದೋ ತಿಳಿಯಲಿಲ್ಲ. ಎರಡೂ ಇರಲಿ ಎಂದು ಇಟ್ಟುಕೊಂಡೆ.

ಈಗ ನಿನಗೆ ಹೇಳಬೇಕಾದ ವಿಷಯ. ನಮ್ಮೂರ ಸಂಘದ ಕ್ಯಾನುಗಳ ಕುತ್ತಿಗೆಗೆ 41 ಎಂದು ಹೊಡೆದಿದ್ದಾರೆ. ದಿನಕ್ಕೆ ಹನ್ನೊಂದು ಕ್ಯಾನು. ಹತ್ತರಲ್ಲಿ ಒಣಹುಲ್ಲು, ಹಿಂಡಿ, ಬೂಸದ ವಾಸನೆ, ಎಲ್ಲ ಊರಿನ ಹಾಲಿನ ಹಾಗೆಯೇ. ಹನ್ನೊಂದನೆಯದು ಹೊಟ್ಟೆ ತಗ್ಗಾದ ಹಳೇ ಕ್ಯಾನು. ಅದರ ಮುಚ್ಚಳ ತೆಗೆದೆ. ಜವುಗಿನ ಹುಲ್ಲು, ಅಕ್ಕ! ಕೆರೆಯ ಹಿಂದಿನ ಆ ಕೆಸರಿಗೆ ನಮ್ಮ ಬೀದಿಯ ಹಸುಗಳಲ್ಲದೆ ಇನ್ನಾವುದು ಇಳಿಯುತ್ತದೆ? ಮುಚ್ಚಳ ಹಿಡಿದು ನಿಂತೇಬಿಟ್ಟೆ.

“ಏನೋ ನಾಯಿಮೂಗ, ಅದರೊಳಗೆ ಯಾರನ್ನ ಹುಡುಕ್ತಿದೀಯ?” ಎಂದ ಮೇಸ್ತ್ರಿ.

ನಾನೇನು ಹೇಳಲಿ. ಇಲ್ಲಿ ಬಾಯ್ಲರ್ ನೋಡಿಕೊಳ್ಳುವವನ ಜೊತೆ ಒಂದು ಕೋಣೆ. ಎರಡು ಮಂಚ, ಒಂದು ಕಿಟಕಿ. ಕಿಟಕಿ ತೆಗೆದರೆ ಕಲ್ಲಿದ್ದಲಿನ ರಾಶಿ. ಭಾನುವಾರ ಮಾತಾಡಲು ಯಾರೂ ಇರುವುದಿಲ್ಲ. ಆದರೆ ದಿನಾ ಒಂಬತ್ತೂವರೆಗೆ ನಮ್ಮ ಬೀದಿ ಲಾರಿಯಲ್ಲಿ ಬರುತ್ತದೆ. ಆಶ್ಚರ್ಯ ನೋಡು, ಇಡೀ ಬೀದಿಯ ಹಾಲು ಒಂದೇ ಕ್ಯಾನಿಗೆ ಬಿದ್ದಿದೆ. ಅದು ಹೇಗೆ?

ನಿನ್ನ ತಮ್ಮ

——

28 ಜೂನ್ 1977

ತಮ್ಮಾ,

ಕಾಗದ ತಲುಪಿತು. ಎರಡು ಸಲ ಓದಿದೆ, ಒಂದು ಸಲ ಕೊಟ್ಟಿಗೆಯಲ್ಲಿ ಕೆಂದಿಗೂ ಓದಿ ಹೇಳಿದೆ. ಅವಳು ಬಾಲ ಬೀಸಿದಳು. ನೊಣಕ್ಕೋ ನಿನಗೋ ನೀನೇ ತೀರ್ಮಾನಿಸು.

ಹಸು ಬಂದ ದಿನ ನಿನಗೆ ನೆನಪಿರಬೇಕು. ಅಜ್ಜನ ಕಾಲದಲ್ಲಿ ಈ ಊರಿನಲ್ಲಿ ಹಾಲು ಮಾರುವುದೇ ಇರಲಿಲ್ಲ. ಮೇಲ್ಬೀದಿಯವರು ಬೆಣ್ಣೆ ಕಾಯಿಸಿ, ತುಪ್ಪ ಮಾಡಿ ಪೇಟೆಗೆ ಒಯ್ಯುತ್ತಿದ್ದರು. ಸೆಗಣಿ ನಮ್ಮ ಕೈಗೆ, ಹಾಲು ಅವರ ಬಾಯಿಗೆ, ಹಸು ಸತ್ತರೆ ಹೆಣ ನಮ್ಮ ಹೆಗಲಿಗೆ. ಆಮೇಲೆ ಸಂಘ ಬಂತು, ಲಾರಿ ಬಂತು, ನಮ್ಮ ಬೀದಿಯ ಮನೆಗೊಂದು ಹಸು ಎಂದು ಸರ್ಕಾರದ ಆಜ್ಞೆ ಬಂತು. ಮೊದಲ ದಿನ ನಾನು ಪಾತ್ರೆ ಹಿಡಿದು ಹೋದಾಗ ದೊಡ್ಡಮನೆಯ ಯಜಮಾನ ಜಗಲಿಯಿಂದಲೇ ಕೂಗಿದ್ದ: “ಸತ್ತ ದನ ಎಳೆಯೋರು ಬದುಕಿರೋ ಹಸು ಕರೆಯೋಕೆ ಕಲಿತುಬಿಟ್ರಾ?” ನಾನು ಹೇಳಿದ್ದು ನಿನಗೂ ಕೇಳಿಸಿತ್ತು: “ಬದುಕಿರೋದು ಒದೆಯುತ್ತೆ ಯಜಮಾನ್ರೇ, ಅಷ್ಟೇ ವ್ಯತ್ಯಾಸ.” ಅದಾದ ಮೇಲೆ ನಿನ್ನನ್ನು ಹಿಡಿದು ಹೊಡೆದರು. ನನ್ನ ಬಾಯಿಗೆ ನಿನ್ನ ಬೆನ್ನು. ಅದಕ್ಕೇ ನೀನು ಊರು ಬಿಟ್ಟೆ ಎಂದು ನನಗೆ ಗೊತ್ತು. ಒಂದು ದಿನವೂ ಅದನ್ನು ನೀನು ಬಾಯಿಬಿಟ್ಟು ಹೇಳಲಿಲ್ಲ.

ಒಂದೇ ಕ್ಯಾನಿಗೆ ಬಿದ್ದಿದೆ ಎಂದು ಬರೆದಿದ್ದೀಯ. ಹಾಗೇ ಬೀಳುತ್ತದೆ. ಇಲ್ಲಿ ಎಲ್ಲ ಸರಿಯಿದೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೋ.

ಅಕ್ಕ

——

15 ಜನವರಿ 1978

ಅಕ್ಕ,

ಕಾಯಂ ಆಯಿತು. ಸಂತೋಷಕ್ಕೆ ಒಂದು ಕೆಲಸ ಮಾಡಿದೆ. ಕಟ್ಟೆಯ ಮೇಲೆ ನಾನೂರು ಕ್ಯಾನು. ನಮ್ಮದು ಕೆಲವು ದಿನ ಇನ್ನೊಬ್ಬನ ಕೈಗೆ ಹೋಗಿಬಿಡುತ್ತದೆ. ಅವನು ಮೂಸಿ ಸುರಿದರೆ ನನ್ನ ಆ ದಿನ ಮುಗಿಯಿತು. ಅದಕ್ಕೆ ಮೊನ್ನೆ ಪೈಪಿಗೆ ಬಳಿಯುವವರ ಡಬ್ಬಿಯಲ್ಲಿ ಉಳಿದ ಬಣ್ಣ ತಂದು, ತೊಳೆದ ಖಾಲಿ ಕ್ಯಾನಿನ ಕುತ್ತಿಗೆಗೆ ಸುತ್ತ ಒಂದು ಕೆಂಪು ಪಟ್ಟಿ ಬಳಿದೆ. ಮೂರು ಬೆರಳಗಲ. ಈಗ ಲಾರಿ ತಿರುಗುವಾಗಲೇ ಕಾಣಿಸುತ್ತದೆ. “ಕೆಂಪು ಪಟ್ಟಿ ನಂದು, ಯಾರೂ ಮುಟ್ಟಬೇಡಿ” ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ.

ಖಾಲಿ ಕ್ಯಾನು ಊರಿಗೆ ಬಂದಾಗ ನೋಡು. ನಿನ್ನ ತಮ್ಮನ ಕೈ ಅದು. ಚೆನ್ನಾಗಿ ಕೂತಿದೆಯೇ ಬರಿ.

ತಮ್ಮ

——

20 ಏಪ್ರಿಲ್ 1978

ತಮ್ಮಾ,

ಕೆಂದಿ ಹೆಣ್ಣುಕರು ಹಾಕಿದಳು. ಪಟ್ಟಿ ನೋಡಿದೆ. ಬಣ್ಣ ಗಟ್ಟಿಯಾಗಿದೆ, ತೊಳೆದರೂ ಹೋಗುವುದಿಲ್ಲ.

ಖಾಲಿ ಕ್ಯಾನು ಹೊತ್ತು ಲಾರಿ ದಿನಾ ಊರಿಗೆ ಬರುತ್ತದೆ. ಎರಡು ಗಂಟೆಯ ದಾರಿ. ಒಂದು ಸಲ ಹತ್ತಿ ಬಾ. ಮಾತಾಡುವುದಿದೆ.

ಅಕ್ಕ

——

4 ಮೇ 1978

ಅಕ್ಕ,

ಮೂರು ತಿಂಗಳು ಕಾದಿದ್ದಕ್ಕೆ ಆರು ಸಾಲು ಬರೆದೆಯಾ? ನನ್ನ ಮೇಲೆ ಏನೋ ಕೋಪ ಎಂದು ಕಾಣುತ್ತದೆ. ಕರು ಹಾಕಿದಾಗ ನಾನು ಇರಬೇಕಿತ್ತು, ಅದಕ್ಕೇ ತಾನೆ? ಏನು ಮಾಡಲಿ, ರಜೆ ಇಲ್ಲ. ಹಾಲಿಗೆ ಭಾನುವಾರವಿಲ್ಲ. ಮಾತಾಡುವುದನ್ನು ಕಾಗದದಲ್ಲೇ ಬರಿ.

ಕೋಪವಿದ್ದರೂ ಕ್ಯಾನು ಮಾತ್ರ ತಪ್ಪದೆ ಬರುತ್ತಿದೆ. ನನಗೆ ಅಷ್ಟು ಸಾಕು.

ತಮ್ಮ

——

11 ನವೆಂಬರ್ 1980

ಅಕ್ಕ,

ಎಷ್ಟೋ ದಿನವಾಯಿತು. ನಾಲ್ಕು ಕಾಗದ ಹಾಕಿದೆ, ನಿನ್ನಿಂದ ಎರಡು ಬಂದವು, ಎರಡರಲ್ಲೂ ‘ಕ್ಷೇಮ’ ಬಿಟ್ಟರೆ ಬೇರೇನಿಲ್ಲ. ಮಾತು ಕಡಿಮೆ ಮಾಡಲು ಎಲ್ಲಿ ಕಲಿತೆ?

ಒಂದು ಸಂತೋಷದ ಸಂಗತಿ. ಹೋದ ವಾರದಿಂದ 41ರಲ್ಲಿ ಎರಡು ಕ್ಯಾನು ಜವುಗಿನ ವಾಸನೆ! ನಮ್ಮ ಬೀದಿಗೂ ಸೀಮೆ ಹಸು ಬಂದವೇನು? ಹಾಲು ಅಷ್ಟು ಹೆಚ್ಚಿತೇ? ಮೇಸ್ತ್ರಿಯ ಹತ್ತಿರ ಬಣ್ಣ ಕೇಳಿದ್ದೇನೆ. ಎರಡನೆಯದಕ್ಕೂ ಪಟ್ಟಿ ಬಳಿದು ಕಳಿಸುತ್ತೇನೆ. ಮೊದಲು ಒಂದು ಇತ್ತು, ಈಗ ಜೋಡಿ. ಒಂದು ನಿನ್ನದು, ಒಂದು ನನ್ನದು ಎಂದುಕೊಳ್ಳುತ್ತೇನೆ.

ತಮ್ಮ

——

24 ನವೆಂಬರ್ 1980

ಬಳಿಯಬೇಡ. ನಿನ್ನ ದಮ್ಮಯ್ಯ ಎನ್ನುತ್ತೇನೆ, ಆ ಕುಂಚ ಕೆಳಗಿಡು. ಆಮೇಲೆ ಮುಂದೆ ಓದು.

ನಮ್ಮ ಬೀದಿಯ ಹಾಲು ಒಂದೇ ಕ್ಯಾನಿಗೆ ಹೇಗೆ ಬಿತ್ತು ಎಂದು ಮೂರು ವರ್ಷದ ಹಿಂದೆ ಕೇಳಿದೆ. ಹೇಳುತ್ತೇನೆ ಕೇಳು. ಅದಾಗಿ ಬೀಳಲಿಲ್ಲ, ಬೀಳಿಸಿದರು. ಸಂಘದ ಕೋಣೆಯಲ್ಲಿ ಹತ್ತು ಕ್ಯಾನು, ಮೇಲ್ಬೀದಿಗೆ. ಹನ್ನೊಂದನೆಯದು ಹೊರಗೆ, ಚರಂಡಿಯ ಪಕ್ಕದ ಚಪ್ಪಡಿಯ ಮೇಲೆ, ನಮಗೆ. ಅಳೆಯುವ ಲೋಟ ಬೇರೆ. ಹಾಲು ನೋಡುವ ಗಾಜಿನ ಕಡ್ಡಿ ಬೇರೆ. ಅವರೆಲ್ಲ ಹಾಕಿ ಹೋಗುವವರೆಗೆ ನಾವು ಬಿಸಿಲಲ್ಲಿ. ನಮ್ಮ ಹಾಲು ಅವರ ಹಾಲನ್ನು ಮುಟ್ಟಬಾರದು. ಹಸು ಒಂದೇ, ಕೆನೆ ಒಂದೇ, ಬಿಳುಪು ಒಂದೇ. ಕರೆದ ಕೈ ಮಾತ್ರ ಅವರ ಕಣ್ಣಿಗೆ ಬೇರೆ. ನೀನು ಮುಚ್ಚಳ ತೆಗೆದು ಮೂಸಿ ಮೂಸಿ ಸಂತೋಷಪಟ್ಟೆಯಲ್ಲ, ಅದು ಮನೆಯ ವಾಸನೆಯಲ್ಲ ಕಣೋ, ನಮ್ಮನ್ನು ಹೊರಗಿಟ್ಟ ವಾಸನೆ.

ನಿನ್ನ ಪಟ್ಟಿ ಬರುವ ಹಿಂದಿನ ವಾರ ನಾವು ಹದಿನಾಲ್ಕು ಮನೆಯ ಹೆಂಗಸರು ಪಾತ್ರೆ ಹಿಡಿದು ಸಂಘದ ಹೊಸ್ತಿಲಿಗೆ ಅಡ್ಡ ಕೂತಿದ್ದೆವು. “ಯಾವ ಕಾನೂನು? ಬರೆದಿದ್ರೆ ತೋರಿಸಿ” ಎಂದೆ. ಕಾರ್ಯದರ್ಶಿ ಬೆವರಿದ. ಬರೆದಿದ್ದರೆ ತಾನೆ ತೋರಿಸಲು? ಕೊನೆಗೆ, “ಆಯ್ತು ತಾಯಂದಿರಾ, ಸೋಮವಾರದಿಂದ ಒಳಗೇ ಹಾಕಿ” ಎಂದ. ನಾವು ಗೆದ್ದಿದ್ದೆವು, ಕೇಳಿಸಿತೇ? ಗೆದ್ದಿದ್ದೆವು.

ಸೋಮವಾರ ಖಾಲಿ ಕ್ಯಾನು ಇಳಿದವು. ಅದೇ ಹಳೇ ಕ್ಯಾನು, ಕುತ್ತಿಗೆಗೆ ಕೆಂಪು. ಕಾರ್ಯದರ್ಶಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. “ನೋಡ್ರಮ್ಮ, ನಾನಲ್ಲ. ಡೇರಿಯೋರೇ ಗುರುತು ಹಾಕಿ ಕಳಿಸಿದಾರೆ. ನಿಮ್ಮ ಹಾಲು ಬೇರೆ ಅಂತ ಅಲ್ಲೇ ತೀರ್ಮಾನ ಆಗೋಗಿದೆ. ಇನ್ನು ನನ್ನ ಕೇಳಬೇಡಿ.” ಹೊಸ್ತಿಲಲ್ಲಿ ಕಾದು ಕೂತಿದ್ದ ಹೆಂಗಸರು ಒಬ್ಬೊಬ್ಬರೇ ಎದ್ದರು. ಊರಿನವರ ಜೊತೆ ಜಗಳವಾಡಬಹುದು, ಅಷ್ಟು ದೂರದ ಡೇರಿಯ ಜೊತೆ ಹೇಗೆ ಆಡುವುದು? ನಾನೂ ಎದ್ದೆ. ನಾಲ್ಕು ದಿನ ಬಿಟ್ಟು ನಿನ್ನ ಕಾಗದ ಬಂತು. ‘ನಿನ್ನ ತಮ್ಮನ ಕೈ ಅದು.’

ತಪ್ಪೆಲ್ಲ ನಿನ್ನದು ಎನ್ನುವುದಿಲ್ಲ. ಆ ದಿನವೇ ನಾನು ಬೀದಿಗೆ ಓಡಿ, “ಡೇರಿಯ ಗುರುತಲ್ಲ, ನನ್ನ ತಮ್ಮನ ಹುಚ್ಚು” ಎಂದಿದ್ದರೆ ಅವರು ಮತ್ತೆ ಬಂದು ಕೂರುತ್ತಿದ್ದರು. ಹೇಳಲಿಲ್ಲ. ಹೇಳಿದರೆ ನೀನು ಆ ಪಟ್ಟಿಯನ್ನು ಅಳಿಸಬೇಕಾಗುತ್ತಿತ್ತು. ಕ್ಯಾನು ಒಂದಾದರೆ ನಿನಗೆ ಅಲ್ಲಿ ಏನು ಉಳಿಯುತ್ತದೆ? ಕಲ್ಲಿದ್ದಲಿನ ರಾಶಿ. ನಿನ್ನೊಬ್ಬನ ಒಂಟಿತನಕ್ಕೆ ಹದಿನಾಲ್ಕು ಮನೆಯನ್ನು ಮೂರು ವರ್ಷ ಬಿಸಿಲಲ್ಲಿ ನಿಲ್ಲಿಸಿದೆ. ದಿನಾ ಸಾಲಿನಲ್ಲಿ ಅವರ ಬೆನ್ನು ನೋಡುತ್ತಾ ನಿಲ್ಲುತ್ತೇನೆ. ಆ ಬೆನ್ನುಗಳಿಗೆ ಏನೂ ಗೊತ್ತಿಲ್ಲ.

ಈಗ ಚಪ್ಪಡಿಯ ಮೇಲೆ ಎರಡು ಕ್ಯಾನು. ಸಾಕು. ಅಲ್ಲಿನ ಅಧಿಕಾರಿಯ ಎದುರು ನಿಂತು ಹೇಳು. ಪಟ್ಟಿ ನಾನು ಬಳಿದದ್ದು, ಅದು ಡೇರಿಯ ನಿಯಮವಲ್ಲ, ನಮ್ಮ ಬೀದಿಯ ಹಾಲನ್ನು ಹೊರಗಿಡುತ್ತಾರೆ ಎಂದು ಬರೆದು ಸಹಿ ಹಾಕು. ಇಲ್ಲಿಂದ ನಾವು ಬರೆದರೆ ಅದು ಕಾರ್ಯದರ್ಶಿಯ ಕೈ ದಾಟುವುದಿಲ್ಲ. ಅಲ್ಲಿರುವವನು ನೀನೊಬ್ಬನೇ.

ಅಕ್ಕ

——

6 ಫೆಬ್ರವರಿ 1981

ತಮ್ಮಾ,

ಹತ್ತು ವಾರವಾಯಿತು. ಎರಡನೇ ಕ್ಯಾನಿಗೆ ಪಟ್ಟಿ ಬರಲಿಲ್ಲ. ಅಲ್ಲಿಗೆ ನನ್ನ ಕಾಗದ ತಲುಪಿದೆ ಎಂದಾಯಿತು. ತಲುಪಿಯೂ ಸುಮ್ಮನಿದ್ದೀಯ.

ಬೈದದ್ದಕ್ಕೆ ಬೇಜಾರಾಗಿದ್ದರೆ ನೀನೂ ಬೈದು ಬರಿ. ಇಲ್ಲಿ ನನ್ನನ್ನು ಬೈಯುವವರೂ ಇಲ್ಲ. ಸಾಯಂಕಾಲ ಹಾಲು ಕರೆದು, ಬಾಗಿಲು ಹಾಕಿಕೊಂಡರೆ ಕೆಂದಿಯ ಮೆಲುಕು ಒಂದೇ ಸದ್ದು.

ಅಕ್ಕ

——

19 ಏಪ್ರಿಲ್ 1981

ಅಕ್ಕ,

ಬೇಜಾರಲ್ಲ, ಹೇಡಿತನ. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ.

ನಾನೂ ನಿನಗೆ ಒಂದು ಹೇಳಿರಲಿಲ್ಲ. ಇಲ್ಲಿಗೆ ಬಂದ ಮೊದಲ ವಾರ ಬಾಯ್ಲರ್‌ನವನು, “ಯಾವ ಬೀದಿಯೋನಪ್ಪ ನೀನು?” ಎಂದು ಕೇಳಿದ. ಕೋಣೆ ಅವನದು. ಮೇಲ್ಬೀದಿ ಎಂದುಬಿಟ್ಟೆ. ಮನೆಯಲ್ಲಿ ಹನ್ನೆರಡು ಹಸು ಎಂದೆ. ಹನ್ನೆರಡಕ್ಕೂ ಹೆಸರಿಟ್ಟು ಹೇಳಿದೆ. ನಾಲ್ಕು ವರ್ಷ ಒಂದೇ ಲೋಟದಲ್ಲಿ ಟೀ ಕುಡಿದೆವು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವನು ಅವನು. ಇಲ್ಲದ ಹಸುಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ಪ್ರತಿ ಸಲ ಒಂದೊಂದು ಸುಳ್ಳು ಕರು ಹಾಕಿಸುತ್ತಿದ್ದೆ. ಲಾರಿ ಹತ್ತಿ ಊರಿಗೆ ಬರದೆ ಇದ್ದದ್ದೂ ಅದಕ್ಕೇ. ಇಳಿದರೆ ಚಾಲಕನ ಕಣ್ಣೆದುರೇ ಕೆಳಗಿನ ಬೀದಿಗೆ ನಡೆಯಬೇಕಲ್ಲ.

ನಿನ್ನ ಕಾಗದ ಬಂದ ಮೇಲೆ ಐದು ತಿಂಗಳು ಅದೇ ಕೆಂಪು ಪಟ್ಟಿಯ ಮುಚ್ಚಳ ತೆಗೆದೆ. ಮೂಸಲಾಗಲಿಲ್ಲ, ಉಸಿರು ಹಿಡಿದು ಸುರಿದೆ.

ಮೊನ್ನೆ ಅಧಿಕಾರಿ ಕಟ್ಟೆಗೆ ಬಂದಿದ್ದರು. ಅವರೇ ಕೇಳಿದರು, “ಏನಯ್ಯ ಇದು? ಇದೊಂದಕ್ಕೆ ಯಾರು ಬಳಿದದ್ದು?”

“ನಾನೇ ಸಾರ್.”

“ಯಾಕೆ?”

“ಅದು ನಮ್ಮ ಬೀದಿ ಹಾಲು ಸಾರ್.”

“ಹಾಲಿಗೆಂಥ ಬೀದಿ?”

ಬಾಯ್ಲರ್‌ನವನು ಅಲ್ಲೇ ಪೈಪಿನ ತಿರುಪು ಬಿಗಿ ಮಾಡುತ್ತಿದ್ದ. ಮೇಸ್ತ್ರಿ ಇದ್ದ, ಇನ್ನೂ ಆರು ಜನ ಇದ್ದರು. ನಾನು ಹೇಳಿದೆ. ನಾವು ಸತ್ತ ದನ ಎಳೆಯುತ್ತಿದ್ದವರು ಎಂದೆ. ಚಪ್ಪಡಿ, ಬೇರೆ ಲೋಟ, ಹದಿನಾಲ್ಕು ಮನೆ, ಎಲ್ಲ ಹೇಳಿದೆ. ಬಿಗಿ ಮಾಡುತ್ತಿದ್ದ ಸದ್ದು ನಿಂತಿತು.

ಅಧಿಕಾರಿ ತೊಟ್ಟಿಯ ಕಡೆ ಕೈ ತೋರಿಸಿದರು. “ನಾನೂರು ಕ್ಯಾನೂ ಬೀಳೋದು ಇದಕ್ಕೇ. ನಿಮ್ಮೂರ ದೊಡ್ಡೋರ ನೆಂಟರು ಈ ಪೇಟೇಲಿದ್ರೆ ನಾಲ್ಕು ವರ್ಷದಿಂದ ನಿಮ್ಮ ಹಾಲನ್ನೇ ಕುಡೀತಿದಾರೆ. ಯಾರಾದ್ರೂ ಸತ್ತಿದಾರಾ?” ನಗಲಿಲ್ಲ, ಸಿಟ್ಟಿನಲ್ಲೇ ಹೇಳಿದರು. ಬರೆದು ಕೊಡು ಎಂದರು. ಕೊಟ್ಟೆ. ಬೀದಿಯ ಹೆಸರನ್ನೂ ಬರೆದು ಸಹಿ ಹಾಕಿದೆ. ಮೇ ಒಂದರಿಂದ ಬಂದವರು ಬಂದ ಹಾಗೆ ಒಂದೇ ಸಾಲು, ಎಲ್ಲರೂ ಅದೇ ಕ್ಯಾನಿಗೆ ಹಾಕಬೇಕು, ತಪ್ಪಿದರೆ 41ರ ಹಾಲು ಇಳಿಸಿಕೊಳ್ಳುವುದಿಲ್ಲ ಎಂದು ಆಜ್ಞೆ ಹೊರಟಿದೆ. ಅದೇ ಸಾಯಂಕಾಲ ಸೀಮೆಎಣ್ಣೆ ಹಾಕಿ ಪಟ್ಟಿ ಉಜ್ಜಿದೆ. ಒಂದು ಗಂಟೆ ಹಿಡಿಯಿತು.

ಕೋಣೆಗೆ ಹೋದರೆ ಮಂಚ ಒಂದೇ ಇತ್ತು. ಬಾಯ್ಲರ್‌ನವನು ತನ್ನದನ್ನು ಹೊತ್ತು ಬೇರೆ ಕಡೆ ಹೋಗಿದ್ದ. ಲೋಟ ಬಿಟ್ಟು ಹೋಗಿದ್ದಾನೆ. ಜಗಳ ಆಡಿದ್ದರೆ ಒಂದಷ್ಟು ಮಾತಾದರೂ ಆಗುತ್ತಿತ್ತು.

ತಮ್ಮ

——

30 ಮೇ 1981

ತಮ್ಮಾ,

ಆಜ್ಞೆ ಬಂತು. ಕಾರ್ಯದರ್ಶಿ ಅದನ್ನು ಓದಿದಾಗ ಅವನ ಮುಖ ನೀನು ನೋಡಬೇಕಿತ್ತು. ನಾನು ಮೊದಲು ನಮ್ಮ ಬೀದಿಗೆ ಹೋಗಿ, ಪಟ್ಟಿ ಯಾರದು, ನಾನು ಮೂರು ವರ್ಷ ಯಾಕೆ ಬಾಯಿ ಮುಚ್ಚಿದ್ದೆ ಎಂದು ಎಲ್ಲ ಹೇಳಿದೆ. ಪಕ್ಕದ ಮನೆಯವಳು, “ನಿನ್ನ ತಮ್ಮನ ಮೂಗಿಗೆ ನನ್ನ ಸೊಸೆ ಬಸುರಿ ಹೊಟ್ಟೆ ಹೊತ್ತು ಬಿಸಿಲಲ್ಲಿ ನಿಂತಳೇನೆ?” ಎಂದಳು. ಮೂರು ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ, ಅದು ನನಗೆ ಬರಬೇಕಾದದ್ದು.

ಮೇ ಒಂದರ ಬೆಳಗ್ಗೆ ಮೇಲ್ಬೀದಿಯಿಂದ ಒಂದು ಪಾತ್ರೆಯೂ ಬರಲಿಲ್ಲ. ನಮ್ಮ ಜೊತೆ ಒಂದೇ ಕ್ಯಾನಿಗೆ ಹಾಕುವುದಕ್ಕಿಂತ ಚೆಲ್ಲುತ್ತೇವೆ ಎಂದರು. ನಾವು ಹದಿನಾಲ್ಕು ಜನ ಒಳಗೆ ಹೋಗಿ ಹಾಕಿ ಬಂದೆವು. ಕೋಣೆಯೊಳಗೆ ತಣ್ಣಗಿದೆ ಕಣೋ. ನಾಲ್ಕು ವರ್ಷ ಅವರು ಆ ತಂಪಿನಲ್ಲಿ ನಿಂತಿದ್ದರು ಎಂದು ಆಗಲೇ ತಿಳಿದದ್ದು.

ಅಜ್ಜನ ಕಾಲವಾಗಿದ್ದರೆ ಅವರೇ ಗೆಲ್ಲುತ್ತಿದ್ದರು. ನಾಟಿ ಹಸು ಕೊಡುತ್ತಿದ್ದದ್ದು ಎರಡು ಲೋಟ. ಕುಡಿದು, ಕಡೆದು, ತಿಂಗಳುಗಟ್ಟಲೆ ಹಟ ಮಾಡಬಹುದಿತ್ತು. ಈಗ ಮನೆಮನೆಗೂ ಸೀಮೆ ಹಸು. ಅದಕ್ಕೆ ಯಜಮಾನನ ಮಾನ ಗೊತ್ತಿಲ್ಲ. ಬೆಳಗ್ಗೆ ಐದಕ್ಕೆ ಕೆಚ್ಚಲು ಬಿಗಿದು ಅರಚುತ್ತದೆ, ಸಾಯಂಕಾಲ ಮತ್ತೆ ಅರಚುತ್ತದೆ. ಬಕೆಟ್ಟುಗಟ್ಟಲೆ ಹಾಲು. ಕಾಯಿಸಿದರು, ಹೆಪ್ಪು ಹಾಕಿದರು, ಕರುಗಳಿಗೆ ಕುಡಿಸಿ ಅವಕ್ಕೆ ಹೊಟ್ಟೆ ಕೆಡಿಸಿದರು. ನಾಲ್ಕನೇ ದಿನ ದೊಡ್ಡಮನೆಯ ಚರಂಡಿ ಬೆಳ್ಳಗೆ ಹರಿಯಿತು. ಹುಳಿನಾತ ನಮ್ಮ ಬೀದಿಗೂ ಬಂತು. ಅಷ್ಟು ಹಾಲು ಮಣ್ಣಿಗೆ ಹೋಗುವುದನ್ನು ನೋಡಿ ನನಗೆ ಗೆದ್ದ ಹಾಗೆ ಅನಿಸಲಿಲ್ಲ.

ಏಳನೇ ದಿನ ಬೆಳಗ್ಗೆ ನಾನು ಮೊದಲು ಹೋಗಿದ್ದೆ. ಹಿಂದೆ ಹೆಜ್ಜೆ ಸಪ್ಪಳ. ಮೇಲ್ಬೀದಿಯ ತುದಿಮನೆಯ ಮುದುಕಿ, ಎರಡು ಹಸುವಿನವಳು. ಸೊಂಟದ ಮೇಲೆ ತುಂಬಿದ ಕೊಡ.

“ಏನೇ ಹಾಗ್ ನೋಡ್ತೀಯ? ಹಾಕಿ ಸರಿ ಆ ಕಡೆ. ಕೈ ಬಿದ್ದೋಗ್ತಿದೆ.”

“ನಂದು ಹಾಕಿದ ಕ್ಯಾನಿಗೇ ಹಾಕ್ಬೇಕಜ್ಜಿ.”

“ಕುರುಡಿ ಅಲ್ಲ ನಾನು, ಕಾಣುತ್ತೆ.”

ನಾನು ಸುರಿದೆ. ಅದರ ಮೇಲೆ ಅವಳು ಸುರಿದಳು. ಆಕಾಶ ಬೀಳಲಿಲ್ಲ. ನೊರೆ ಬಂತು.

ಮಾರನೆಯ ದಿನ ಐವರು, ಆ ವಾರ ಮುಗಿಯುವುದರೊಳಗೆ ಅರ್ಧ ಬೀದಿ. ದೊಡ್ಡಮನೆಯವರು ಕೊನೆಗೆ ಬಂದರು. ಯಜಮಾನ ಬರಲಿಲ್ಲ, ಆಳಿನ ಕೈಯಲ್ಲಿ ಕಳಿಸಿದ. ಸಾಲಿನಲ್ಲಿ ಯಾರೂ ನಮ್ಮ ಜೊತೆ ಮಾತಾಡುವುದಿಲ್ಲ. ಹಾಲು ಬೆರೆತಿದೆ, ಜನ ಬೆರೆತಿಲ್ಲ. ಹಾಕಿ, ಪಾತ್ರೆ ಬೋರಲು ಮಾಡಿಕೊಂಡು ಮನೆಗೆ ಬರುತ್ತೇನೆ. ಯಾರಿಗೆ ಹೇಳಲಿ ಎಂದು ಕೂತಾಗ ನೀನೇ ನೆನಪಾಗುತ್ತೀಯ.

ನಿನ್ನ ಮೂಗಿಗೆ ಈಗ ಏನು ಸಿಗುತ್ತದೆ ಎಂದು ಕೇಳಲು ಧೈರ್ಯವಿಲ್ಲ.

ಅಕ್ಕ

——

14 ಜೂನ್ 1981

ಅಕ್ಕ,

ಕೇಳದಿದ್ದರೂ ಹೇಳುತ್ತೇನೆ. ಮೇ ಮೊದಲ ವಾರ 41ರಿಂದ ಎರಡೇ ಕ್ಯಾನು ಬಂದವು, ಎರಡೂ ನಮ್ಮವೇ. ಚಾಲಕನನ್ನು ಕೇಳಿದೆ. “ನಿಮ್ಮೂರೋರು ಹಟಕ್ಕೆ ಬಿದ್ದಿದಾರೆ” ಎಂದ. ಆ ಏಳು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಎಂಟನೇ ದಿನ ಮೂರು ಬಂದವು. ಆಮೇಲೆ ಏಳು, ಈಗ ಹನ್ನೆರಡು.

ಹನ್ನೆರಡರ ಮುಚ್ಚಳವನ್ನೂ ನಾನೇ ತೆಗೆಯುತ್ತೇನೆ. ಒಂದರಲ್ಲೂ ಜವುಗಿಲ್ಲ. ಎಲ್ಲ ಬರೀ ಹಾಲು. ಮೊದಲ ದಿನ ಮತ್ತೊಮ್ಮೆ, ಮಗದೊಮ್ಮೆ ಮೂಸಿದೆ. ಹಿಂದೆ ಕ್ಯಾನು ಸಾಲುಗಟ್ಟಿ ನಿಂತವು. ಮೇಸ್ತ್ರಿ ಬೈದ. ಈಗ ಅವನು ನಾಯಿಮೂಗ ಎನ್ನುವುದಿಲ್ಲ. ಏನೂ ಎನ್ನುವುದಿಲ್ಲ, ಬೆರಳು ತೋರಿಸುತ್ತಾನೆ. ಬೈಗುಳದಲ್ಲಿ ಅಷ್ಟು ಸಲಿಗೆ ಇತ್ತು ಎಂದು ಹೋದ ಮೇಲೆ ಗೊತ್ತಾಯಿತು.

ಈ ಪೇಟೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದು ವಾಸನೆ. ಹೋಯಿತು. ಹೋಗಬೇಕಾದದ್ದೇ. ಅದಕ್ಕಾಗಿ ಅಳುವುದಿಲ್ಲ ಎಂದು ಬರೆಯಲು ಹೊರಟೆ, ಸುಳ್ಳಾಗುತ್ತದೆ. ಅತ್ತೆ. ಆದರೆ ಅದನ್ನು ವಾಪಸು ಕೇಳುವುದಿಲ್ಲ.

ರಜೆಗೆ ಅರ್ಜಿ ಹಾಕಿದೆ, ಎರಡು ದಿನ ಕೊಟ್ಟಿದ್ದಾರೆ. ಶನಿವಾರ ಖಾಲಿ ಕ್ಯಾನಿನ ಲಾರಿಯಲ್ಲಿ ಬರುತ್ತೇನೆ. ಚಾಲಕನಿಗೆ ಎಲ್ಲಿ ಇಳಿಸಬೇಕು ಎಂದು ಹೇಳಿದ್ದೇನೆ. ನಿನ್ನ ಜೊತೆ ಮಾತು ಬಿಟ್ಟ ಮೂರು ಮನೆಗೂ ಮೊದಲು ಹೋಗುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ.

ಭಾನುವಾರ ಬೆಳಗ್ಗೆ ಕೆಂದಿಯ ಹಾಲು ನಾನು ಕರೆಯುತ್ತೇನೆ. ಕೈಗೆ ಅಭ್ಯಾಸ ತಪ್ಪಿದೆ, ಹೊತ್ತಾಗುತ್ತದೆ. ನೀನು ನನಗಾಗಿ ಸಾಲಿನಲ್ಲಿ ಜಾಗ ಹಿಡಿಯಬೇಡ. ತಡವಾಗಿ ಬಂದವನು ನಾನು, ಕೊನೆಗೇ ನಿಲ್ಲುತ್ತೇನೆ.

ತಮ್ಮ